ಕಾಣದ ತಿಮಿಂಗಿಲದ ಲೆಕ್ಕ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಎಚ್ಚರಿಕೆಯ ಮಾತು. ಕಂಡದ್ದರ ವಿಷಯದಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ಕಣ್ಣಿಗೆ ಬೀಳದೆ ಹೋದದ್ದರ ವಿಷಯದಲ್ಲಿ ಇನ್ನೆಷ್ಟು ಎಚ್ಚರ ಬೇಕು! ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಬಹುದೆ? ಇದು ವೇದಾಂತಿಗಳ ಪ್ರಶ್ನೆಯಂತೆ ತೋರಿದರೂ, ಸಮುದ್ರದ ಪ್ರಾಣಿಗಳನ್ನು ಎಣಿಸುವವರಿಗೆ ದಿನ ಬೆಳಗಾದರೆ ಎದುರಾಗುವ ಪ್ರಶ್ನೆ. ಒಮ್ಮೆ ಇದೇ ಪ್ರಶ್ನೆಯ ಮೇಲೆ ಇಡೀ ಒಂದು ಜನಾಂಗದ ಅನ್ನದ ಪ್ರಶ್ನೆಯೂ ನಿಂತಿತ್ತು.

ಮನುಷ್ಯರ ಗಣತಿ ತಕ್ಕಮಟ್ಟಿಗೆ ಸುಲಭ. ಗಣತಿಯವರು ಬಾಗಿಲು ತಟ್ಟುತ್ತಾರೆ. ಮನೆಯೊಡೆಯರು ಹೊರಗೆ ಬಂದು ಹೆಸರು, ವಯಸ್ಸುಗಳನ್ನು ಬರೆಯಿಸುತ್ತಾರೆ. ತಿಮಿಂಗಿಲಕ್ಕೆ ತಟ್ಟುವ ಬಾಗಿಲೂ ಇಲ್ಲ, ಬರೆಯಿಸಿಕೊಳ್ಳುವ ವಿಳಾಸವೂ ಇಲ್ಲ. ಅದು ತನ್ನ ಬಾಳಿನ ಬಹುಪಾಲನ್ನು ನೀರಿನೊಳಗೆ ಕಳೆಯುತ್ತದೆ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ ಸ್ತನಿಯಾದುದರಿಂದ ಆಗಾಗ ಮೇಲಕ್ಕೆ ಬಂದು, ಬೆಚ್ಚನೆಯ ಉಸಿರನ್ನು ಕಾರಂಜಿಯಂತೆ ಚಿಮ್ಮಿಸಿ, ಮತ್ತೆ ಮುಳುಗುತ್ತದೆ. ಎಣಿಸುವವನಿಗೆ ದೊರೆಯುವುದು ಆ ಒಂದು ಕ್ಷಣ ಮಾತ್ರ. ಆಗ ಅವನು ಬೇರೆ ಕಡೆ ನೋಡುತ್ತಿದ್ದರೆ, ಅಲೆಯ ನೊರೆ ಅಡ್ಡವಾದರೆ, ಕಣ್ಣು ದಣಿದಿದ್ದರೆ, ಆ ತಿಮಿಂಗಿಲ ಲೆಕ್ಕಕ್ಕೆ ಸಿಗದೆ ಹೋಯಿತು.

ಬಾರೋ ಊರಿನ ವ್ಯಾಜ್ಯ

ಅಮೆರಿಕದ ಅಲಾಸ್ಕ ಪ್ರಾಂತದ ಉತ್ತರದ ತುದಿಯಲ್ಲಿ, ಉತ್ತರ ಧ್ರುವ ಸಾಗರದ ದಡದ ಮೇಲೆ, ಬಾರೋ ಎಂಬ ಊರಿದೆ. ೨೦೧೬ರಿಂದ ಅದು ಉಟ್ಕಿಯಾಗ್ವಿಕ್ ಎಂಬ ತನ್ನ ಹಳೆಯ ದೇಶೀಯ ಹೆಸರನ್ನು ಮರಳಿ ಪಡೆದಿದೆ. ಅಲ್ಲಿನ ಮೂಲ ನಿವಾಸಿಗಳು ಇನ್ಯೂಪಿಯಾಟ್ ಜನ. ಗದ್ದೆ ತೋಟಗಳ ಮಾತೇ ಇಲ್ಲದ ಆ ಹಿಮದ ನಾಡಿನಲ್ಲಿ ಅವರ ಪೂರ್ವಿಕರು ನೂರಾರು ವರ್ಷಗಳಿಂದ ನೆಚ್ಚಿಕೊಂಡು ಬಂದಿರುವುದು ಬೋಹೆಡ್ ಎಂಬ ತಿಮಿಂಗಿಲವನ್ನು. ಬಿಲ್ಲಿನಂತೆ ಬಾಗಿದ ಭಾರಿ ಬಾಯಿಯ ಈ ಪ್ರಾಣಿ ಸುಮಾರು ಹದಿನೆಂಟು ಮೀಟರುಗಳವರೆಗೆ ಬೆಳೆಯುತ್ತದೆ. ಇನ್ನೂರು ವರ್ಷಗಳಿಗೂ ಮೀರಿ ಬದುಕಬಲ್ಲದು. ಒಂದು ತಿಮಿಂಗಿಲ ಸಿಕ್ಕಿತೆಂದರೆ ಊರಿಗೆಲ್ಲ ಪಾಲು ಹಂಚಿಕೆಯಾಗುತ್ತದೆ. ಬೇಟೆ ಫಲಿಸಿದ ವರ್ಷ ಜೂನ್ ತಿಂಗಳಲ್ಲಿ ಊರ ಹಬ್ಬವೂ ನಡೆಯುತ್ತದೆ.

ಬೋಹೆಡ್‍ಗಳಿಗೆ ಕಷ್ಟಕಾಲ ಬಂದದ್ದು ಹೊರಗಿನವರಿಂದ. ೧೮೪೮ರಲ್ಲಿ ಅಮೆರಿಕದ ಬೇಟೆಯ ಹಡಗೊಂದು ಬೇರಿಂಗ್ ಜಲಸಂಧಿಯನ್ನು ದಾಟಿ ಒಳಹೊಕ್ಕಿತು. ಅದರ ಹಿಂದೆಯೇ ಹಡಗುಗಳ ಸಾಲು ಹೊರಟಿತು. ದೀಪದ ಎಣ್ಣೆಗಾಗಿ, ಹೆಂಗಸರ ಬಿಗಿಯುಡುಪಿನ ಕಡ್ಡಿಗಳಿಗಾಗಿ ನಡೆದ ಆ ಬೇಟೆ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಮುಂದುವರಿದು, ತಿಮಿಂಗಿಲಗಳ ಸಂಖ್ಯೆ ತೀರ ಇಳಿದುಹೋಯಿತು. ಆದುದರಿಂದ ೧೯೭೦ರ ದಶಕದಲ್ಲಿ ಲೋಕದ ಶಾಸ್ತ್ರಜ್ಞರು ಬೋಹೆಡ್ ಸಂತತಿಯ ವಿಷಯದಲ್ಲಿ ಕಳವಳಗೊಂಡದ್ದು ಸಹಜವೇ ಆಗಿತ್ತು. ಆಗಿನ ಅಂದಾಜಿನ ಪ್ರಕಾರ ಉಳಿದಿದ್ದವು ಕೆಲವು ನೂರರಿಂದ ಹೆಚ್ಚೆಂದರೆ ಎರಡು ಸಾವಿರದ ಒಳಗೆ. ೧೯೭೭ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗವು ಇನ್ಯೂಪಿಯಾಟ್ ಜನರ ಬೇಟೆಯನ್ನೂ ಸಂಪೂರ್ಣವಾಗಿ ನಿಷೇಧಿಸಿಬಿಟ್ಟಿತು.

ಊರಿನಲ್ಲಿ ದಿಗ್ಭ್ರಮೆ ಕವಿಯಿತು. ಬೇಟೆಗಾರ ನಾಯಕರು ಒಟ್ಟುಗೂಡಿ ತಮ್ಮದೇ ಆಯೋಗವೊಂದನ್ನು ಕಟ್ಟಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಟೋಕಿಯೋ ನಗರದಲ್ಲಿ ವಿಶೇಷ ಸಭೆ ಸೇರಿ, ೧೯೭೮ಕ್ಕೆ ಅಲಾಸ್ಕದ ಬೇಟೆಗಾರರೆಲ್ಲರಿಗೂ ಕೂಡಿ ಹನ್ನೆರಡು ತಿಮಿಂಗಿಲಗಳನ್ನು ದಡಕ್ಕೆ ತರಲು, ಇಲ್ಲವೆ ಹದಿನೆಂಟಕ್ಕೆ ಈಟಿ ಹೊಡೆಯಲು, ಅನುಮತಿ ದೊರೆಯಿತು. ಆದರೆ ಮೂಲ ವ್ಯಾಜ್ಯ ಹಾಗೆಯೇ ಉಳಿಯಿತು. ಬೇಟೆಗಾರರ ವಾದ ಬಹು ಸರಳವಾಗಿತ್ತು: ತಿಮಿಂಗಿಲಗಳು ಬೇಕಾದಷ್ಟಿವೆ, ನಿಮಗೆ ಕಾಣುತ್ತಿಲ್ಲ, ಅಷ್ಟೆ.

ಹಿಮದ ಕೆಳಗಿನ ಉಸಿರು

ಆಗಿನ ಎಣಿಕೆ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ತಿಳಿಯಬೇಕು. ವಸಂತದಲ್ಲಿ, ಏಪ್ರಿಲಿನಿಂದ ಜೂನ್‍ವರೆಗೆ, ಬೋಹೆಡ್‍ಗಳು ಬೇರಿಂಗ್ ಸಮುದ್ರದಿಂದ ಉತ್ತರಕ್ಕೂ ಪೂರ್ವಕ್ಕೂ ವಲಸೆ ಹೊರಡುತ್ತವೆ. ದಡಕ್ಕೆ ಅಂಟಿಕೊಂಡ ಮಂಜುಗಡ್ಡೆಗೂ ಹೊರಗೆ ತೇಲುವ ಮಂಜುಗಡ್ಡೆಗೂ ನಡುವೆ ಬಿರುಕು ಬಿಟ್ಟು, ನೀರಿನ ಓಣಿಯೊಂದು ತೆರೆದುಕೊಳ್ಳುತ್ತದೆ. ಶಾಸ್ತ್ರಜ್ಞರು ಅದರ ಅಂಚಿನಲ್ಲಿ, ಎತ್ತರವಾದ ಹಿಮದಿಬ್ಬದ ಮೇಲೆ ಅಟ್ಟಣೆಯಂಥ ನೆಲೆ ಮಾಡಿಕೊಂಡು, ಓಣಿಯಲ್ಲಿ ಸಾಗುವ ತಿಮಿಂಗಿಲಗಳನ್ನು ಎಣಿಸುತ್ತಿದ್ದರು. ಮೇ ತಿಂಗಳ ಎರಡನೆಯ ವಾರದಿಂದ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದುದರಿಂದ ಹಗಲಿರುಳೂ ಪಾಳಿಯ ಮೇಲೆ ಕಾವಲು ಸಾಧ್ಯ. ಆದರೆ ಕಾವಳ ಕವಿದರೆ ಏನೂ ಕಾಣದು. ಹಿಮಕರಡಿಯ ಭಯ ಬೇರೆ. ನಿಂತ ಮಂಜುಗಡ್ಡೆಯೇ ಒಡೆದು ಕಡಲ ಪಾಲಾಗುವ ಅಪಾಯವೂ ಉಂಟು.

ಓಣಿ ಮುಚ್ಚಿಕೊಂಡಾಗ ತಿಮಿಂಗಿಲಗಳು ಬರುವುದಿಲ್ಲವೆಂದು ಹೊರಗಿನವರು ನಂಬಿದ್ದರು. ಗಾಳಿಯೇ ಇಲ್ಲದ ಕಡೆ ಉಸಿರಾಡುವ ಪ್ರಾಣಿ ಹೇಗೆ ತಾನೆ ಬಂದೀತು? ಬಾರೋ ಊರಿನ ಹಿರಿಯ ಬೇಟೆಗಾರ ನಾಯಕ ಹ್ಯಾರಿ ಬ್ರೋವರ್ ಇದಕ್ಕೆ ಉತ್ತರ ಬಲ್ಲವನಾಗಿದ್ದ. ತಿಮಿಂಗಿಲಗಳು ಮಂಜುಗಡ್ಡೆಯ ಅಡಿಯಲ್ಲಿಯೇ ಸಾಗುತ್ತವೆ. ಸಣ್ಣ ಬಿರುಕುಗಳಲ್ಲಿ ಮೂಗು ಚಾಚಿ ಉಸಿರಾಡುತ್ತವೆ. ತೆಳುವಾದ ಗಡ್ಡೆಯನ್ನು ತಲೆಯಿಂದ ಒತ್ತಿ ಒಡೆಯುತ್ತವೆ. ಓಣಿಯ ಆಚೆ ದೂರದಲ್ಲಿಯೂ ಎಷ್ಟೋ ಹಾದುಹೋಗುತ್ತವೆ. ಇವೆಲ್ಲವನ್ನೂ ಅವನು ಟಾಮ್ ಆಲ್ಬರ್ಟ್ ಎಂಬ ವಿಜ್ಞಾನಿಗೆ ವಿವರವಾಗಿ ತಿಳಿಸಿದ. ಓದು ಬರಹದ ಗರ್ವವಿಲ್ಲದ ಆಲ್ಬರ್ಟ್ ಆ ಮಾತನ್ನು ಅಜ್ಜಿಕತೆಯೆಂದು ತಳ್ಳಿಹಾಕದೆ, ಪರೀಕ್ಷಿಸಿ ನೋಡತಕ್ಕ ಸಿದ್ಧಾಂತವೆಂದು ಸ್ವೀಕರಿಸಿದ. ಎಣಿಕೆಯ ಹೊಣೆ ೧೯೮೦ರ ದಶಕದ ಆರಂಭದಲ್ಲಿ ಆ ಪ್ರದೇಶದ ಸ್ಥಳೀಯ ಆಡಳಿತದ ಕೈಗೆ ಬಂದಾಗ, ಪರೀಕ್ಷೆಯೂ ಕ್ರಮವಾಗಿ ಆರಂಭವಾಯಿತು.

ಇಲ್ಲಿ ಬಗೆಹರಿಸಬೇಕಾಗಿದ್ದ ತೊಡಕುಗಳು ಎರಡು. ಕಣ್ಣ ಮುಂದೆಯೇ ಮೇಲೆದ್ದರೂ ನೋಡುವವನು ತಪ್ಪಿಸಿಕೊಳ್ಳುವ ತಿಮಿಂಗಿಲಗಳೆಷ್ಟು ಎಂಬುದು ಒಂದು. ಯಾವ ಕಣ್ಣಿಗೂ ಸಿಗದಂತೆ ನೀರಿನ ಅಥವಾ ಹಿಮದ ಮರೆಯಲ್ಲಿ ಸಾಗುವುವು ಎಷ್ಟು ಎಂಬುದು ಇನ್ನೊಂದು. ಒಂದೊಂದಕ್ಕೂ ಮದ್ದು ಬೇರೆ.

ಇಬ್ಬರು ನೋಡಿದರೆ ಏನು ಲಾಭ?

ಮೊದಲನೆಯ ತೊಡಕಿನ ಪರಿಹಾರವನ್ನು ಅರಿಯಲು ಅಲಾಸ್ಕಕ್ಕೆ ಹೋಗಬೇಕಾಗಿಲ್ಲ. ಯಾವುದಾದರೊಂದು ಮುದ್ರಣಾಲಯಕ್ಕೆ ಹೋದರೆ ಸಾಕು. ಒಂದೇ ಲೇಖನದ ಕರಡಚ್ಚಿನ ಎರಡು ಪ್ರತಿಗಳನ್ನು ಇಬ್ಬರಿಗೆ ಕೊಟ್ಟು, ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಅಚ್ಚಿನ ತಪ್ಪುಗಳನ್ನು ಗುರುತಿಸಲು ಹೇಳೋಣ. ಮೊದಲನೆಯವರು ೨೦ ತಪ್ಪುಗಳನ್ನು ಕಂಡುಹಿಡಿದರು. ಎರಡನೆಯವರು ೧೫ ತಪ್ಪುಗಳನ್ನು ಕಂಡುಹಿಡಿದರು. ಎರಡು ಪ್ರತಿಗಳನ್ನೂ ಪಕ್ಕದಲ್ಲಿಟ್ಟು ನೋಡಿದಾಗ, ೧೨ ತಪ್ಪುಗಳು ಇಬ್ಬರಿಗೂ ಸಿಕ್ಕಿವೆ ಎಂದು ತಿಳಿಯಿತು.

ಈಗ ವಿಚಾರ ಮಾಡಿರಿ. ಮೊದಲನೆಯವರು ಕಂಡ ೨೦ ತಪ್ಪುಗಳು ಅಲ್ಲಿ ಇದ್ದದ್ದು ನಿಶ್ಚಯ. ಅವುಗಳ ಪೈಕಿ ಎರಡನೆಯವರ ಕಣ್ಣಿಗೆ ಬಿದ್ದದ್ದು ೧೨, ಅಂದರೆ ಐದರಲ್ಲಿ ಮೂರು ಪಾಲು. ಎರಡನೆಯವರ ಕಣ್ಣಿನ ಶಕ್ತಿ ಅಷ್ಟೆಂದಾಯಿತು. ಅವರು ಒಟ್ಟು ಕಂಡ ೧೫, ಇರುವ ತಪ್ಪುಗಳ ಐದರಲ್ಲಿ ಮೂರು ಪಾಲಾದರೆ, ಇರುವ ತಪ್ಪುಗಳು ೨೫. ಇಬ್ಬರೂ ಸೇರಿ ಕಂಡದ್ದು ೨೩. ಉಳಿದ ಎರಡು ತಪ್ಪುಗಳು ಇಬ್ಬರಿಗೂ ಕಾಣಲಿಲ್ಲ. ಆದರೂ ಅವು ಇರಬೇಕೆಂದು ಲೆಕ್ಕ ಹೇಳುತ್ತದೆ. ಅವು ಯಾವ ಪುಟದಲ್ಲಿವೆಯೆಂದು ಲೆಕ್ಕಕ್ಕೆ ತಿಳಿಯದು. ಆದರೆ ಸುಮಾರು ಎಷ್ಟೆಂಬುದನ್ನು ಅದು ಬಲ್ಲದು.

ಈ ಉಪಾಯದ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಗೌರವದ ಸ್ಥಾನವಿದೆ. ಕಲಕತ್ತೆಯ ಬಳಿ ಹೂಗ್ಲಿ ಜಿಲ್ಲೆಯ ಸಿಂಗೂರಿನಲ್ಲಿ ಜನನ ಮರಣಗಳ ದಾಖಲೆ ಎಷ್ಟರಮಟ್ಟಿಗೆ ಪೂರ್ಣವಾಗಿದೆಯೆಂದು ತಿಳಿಯಬೇಕಾಗಿತ್ತು. ದಾಖಲೆಗಾರರ ಪಟ್ಟಿ ಒಂದು ಕಡೆ, ಮನೆ ಮನೆಗೆ ಹೋಗಿ ವಿಚಾರಿಸಿದವರ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ತಾಳೆ ನೋಡಿ, ಎರಡರಿಂದಲೂ ತಪ್ಪಿಹೋದ ಜನನ ಮರಣಗಳನ್ನು ಅಂದಾಜು ಮಾಡುವ ಕ್ರಮವನ್ನು ಚಂದ್ರಶೇಖರನ್ ಎಂಬ ಭಾರತೀಯ ಸಂಖ್ಯಾಶಾಸ್ತ್ರಜ್ಞರೂ ಅಮೆರಿಕದ ಡೆಮಿಂಗ್ ಅವರೂ ೧೯೪೯ರಲ್ಲಿ ಪ್ರಕಟಿಸಿದರು. ಪಟ್ಟಿಗೆ ಬಾರದ ಹಸುಗೂಸನ್ನು ಲೆಕ್ಕಕ್ಕೆ ತಂದ ಆ ತರ್ಕವೇ ನೋಟಕ್ಕೆ ಬಾರದ ತಿಮಿಂಗಿಲಕ್ಕೂ ಸಲ್ಲುತ್ತದೆ.

ಬಾರೋ ಊರಿನ ಹಿಮದ ಮೇಲೆ ಇದನ್ನೇ ಮಾಡಿದರು. ಒಂದು ಅಟ್ಟಣೆಯ ಬದಲು ಎರಡು ಅಟ್ಟಣೆಗಳಾದವು. ಒಂದರಲ್ಲಿರುವವರು ಇನ್ನೊಂದರಲ್ಲಿರುವವರಿಗೆ ಸುಳಿವು ಕೊಡುವಂತಿಲ್ಲ. ಪ್ರತಿಯೊಂದು ತಿಮಿಂಗಿಲ ಕಂಡ ಹೊತ್ತು, ದಿಕ್ಕು, ದೂರ, ಸಾಗುತ್ತಿರುವ ಕಡೆ, ಇಷ್ಟನ್ನೂ ಬರೆದುಕೊಳ್ಳಬೇಕು. ಆಮೇಲೆ ಎರಡು ಪಟ್ಟಿಗಳನ್ನೂ ತಾಳೆ ನೋಡಿ, ಈಚೆಯವರು ಕಂಡದ್ದೇ ಸ್ವಲ್ಪ ಹೊತ್ತಿನ ಮೇಲೆ ಆಚೆಯವರಿಗೂ ಕಂಡಿತೆ ಎಂದು ನಿರ್ಣಯಿಸಬೇಕು.

ಹೇಳುವುದು ಸುಲಭ, ಮಾಡುವುದು ಕಷ್ಟ. ಅಚ್ಚಿನ ತಪ್ಪು ಪುಟದ ಮೇಲೆ ನಿಂತಲ್ಲಿಯೇ ನಿಂತಿರುತ್ತದೆ, ತಿಮಿಂಗಿಲ ನಿಲ್ಲುವುದಿಲ್ಲ. ಒಂದನ್ನೇ ಎರಡೆಂದು ಭ್ರಮಿಸಿದರೆ ಲೆಕ್ಕ ಏರುತ್ತದೆ. ಎರಡನ್ನು ಒಂದೆಂದು ಭ್ರಮಿಸಿದರೆ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಸಮೀಪದಲ್ಲಿ ಎದ್ದುಕಾಣುವ ತಿಮಿಂಗಿಲ ಇಬ್ಬರಿಗೂ ಸುಲಭವಾಗಿ ಸಿಗುತ್ತದೆ. ದೂರದಲ್ಲಿ ಮಸುಕಾಗಿ ಸಾಗುವುದು ಇಬ್ಬರಿಗೂ ತಪ್ಪುತ್ತದೆ. ಆಗ ಇಬ್ಬರ ಪಟ್ಟಿಗಳೂ ಬಹಳ ಚೆನ್ನಾಗಿ ಹೊಂದಿಕೊಂಡು, ‘ನಮ್ಮ ಕಣ್ಣಿಗೆ ಎಲ್ಲವೂ ಬಿದ್ದಿದೆ’ ಎಂಬ ಸುಳ್ಳು ಸಮಾಧಾನವನ್ನು ಹುಟ್ಟಿಸುತ್ತವೆ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಮಾತ್ರಕ್ಕೆ ಅದೇ ಪೂರ್ಣ ಸತ್ಯವಾಗದು. ಆದುದರಿಂದ ದೂರ, ಹವೆ, ಗುಂಪಿನ ಗಾತ್ರ ಮೊದಲಾದವುಗಳಿಗೆ ತಕ್ಕಂತೆ ಕಾಣುವ ಸಂಭವವನ್ನು ಬೇರೆ ಬೇರೆಯಾಗಿ ಲೆಕ್ಕಹಾಕುತ್ತಾರೆ.

ಕಣ್ಣು ಸೋತಲ್ಲಿ ಕಿವಿ

ಇನ್ನು ಎರಡನೆಯ ತೊಡಕು. ಹಿಮದ ಅಡಿಯಲ್ಲಿ ಸಾಗುವ ತಿಮಿಂಗಿಲವನ್ನು ಇಬ್ಬರಲ್ಲ, ಇನ್ನೂರು ಜನ ನಿಂತು ನೋಡಿದರೂ ಕಾಣುವಂತಿಲ್ಲ. ಅದಕ್ಕೆ ಬೇರೆ ಇಂದ್ರಿಯವೇ ಬೇಕು. ಬೋಹೆಡ್ ಮೌನಿಯಲ್ಲ, ವಲಸೆಯ ದಾರಿಯುದ್ದಕ್ಕೂ ಕೂಗುತ್ತ, ಹಾಡುತ್ತ ಸಾಗುತ್ತದೆ. ನೀರಿನೊಳಗೆ ಧ್ವನಿಗ್ರಾಹಕ ಯಂತ್ರಗಳನ್ನು ಸಾಲಾಗಿ ಇಳಿಬಿಟ್ಟರೆ, ಒಂದೇ ಕೂಗು ಒಂದೊಂದು ಯಂತ್ರಕ್ಕೂ ಸ್ವಲ್ಪ ಹಿಂದೆ ಮುಂದಾಗಿ ತಲಪುತ್ತದೆ. ಆ ಅಂತರದಿಂದ ಕೂಗಿದ ಪ್ರಾಣಿ ಎಲ್ಲಿದೆಯೆಂದು ಗುರುತಿಸಬಹುದು. ೧೯೮೦ರ ದಶಕದಲ್ಲಿ ಕ್ರಿಸ್ಟಫರ್ ಕ್ಲಾರ್ಕ್ ಮತ್ತು ಅವರ ಜೊತೆಗಾರರು ಹೀಗೆ ಕಿವಿಗೊಟ್ಟು ಕೇಳಿದಾಗ, ಬೇಟೆಗಾರರ ಮಾತು ನಿಜವಾಯಿತು. ಓಣಿ ಮುಚ್ಚಿದ್ದ ದಿನಗಳಲ್ಲಿಯೂ ತಿಮಿಂಗಿಲಗಳು ಸಾಗುತ್ತಿದ್ದವು. ಕಣ್ಣಿಗೆ ಎಟುಕದಷ್ಟು ದೂರದಲ್ಲಿಯೂ ಸಾಗುತ್ತಿದ್ದವು.

ಲೆಕ್ಕವನ್ನು ಮತ್ತೆ ಹಾಕಬೇಕಾಯಿತು. ೧೯೭೮ರ ಎಣಿಕೆಯಿಂದ ಮೊದಲು ಬಂದಿದ್ದ ಅಂದಾಜು ೨,೨೬೪. ಹೊಸ ಅರಿವಿನ ಬೆಳಕಿನಲ್ಲಿ ಅದೇ ವರ್ಷವನ್ನು ಪುನಃ ಪರಿಶೀಲಿಸಿದಾಗ, ಆಗಲೇ ಸುಮಾರು ೪,೭೦೦ ತಿಮಿಂಗಿಲಗಳು ಇದ್ದಿರಬೇಕೆಂದು ತೋರಿತು. ೨೦೦೧ರಲ್ಲಿ ಸಂಖ್ಯೆ ಹತ್ತು ಸಾವಿರವನ್ನು ದಾಟಿತು. ೨೦೧೧ರ ಅಂದಾಜು ೧೬,೮೯೨. ಈ ಏರಿಕೆಯೆಲ್ಲ ಕೇವಲ ಲೆಕ್ಕದ ತಿದ್ದುಪಡಿಯೆಂದು ತಿಳಿಯಬಾರದು. ಸಂತತಿ ನಿಜವಾಗಿಯೂ ವರ್ಷದಿಂದ ವರ್ಷಕ್ಕೆ ವೃದ್ಧಿಯಾಗುತ್ತ ಬಂದಿತು. ಎಷ್ಟು ಪಾಲು ವೃದ್ಧಿ, ಎಷ್ಟು ಪಾಲು ದೃಷ್ಟಿ ಎಂದು ಬೇರ್ಪಡಿಸುವುದು ಸಾಧ್ಯವಾದದ್ದು, ನೋಡುವವರ ಕಣ್ಣನ್ನೂ ಅಳತೆಗೆ ಒಳಪಡಿಸಿದ್ದರಿಂದಲೇ. ಇನ್ಯೂಪಿಯಾಟ್ ಜನರ ಬೇಟೆ ಇಂದಿಗೂ ಮಿತಿಗೊಳಪಟ್ಟು ನಡೆಯುತ್ತಿದೆ. ಮಿತಿಯನ್ನು ನಿರ್ಧರಿಸುವಲ್ಲಿ ಈ ಎಣಿಕೆಗಳಿಗೆ ಮುಖ್ಯ ಪಾತ್ರವಿದೆ.

೨೦೧೯ರಲ್ಲಿ ಇನ್ನೊಂದು ಪಾಠ ದೊರೆಯಿತು. ಆ ವರ್ಷ ಹಿಮದ ಮೇಲಿನ ಎಣಿಕೆಯಿಂದ ಬಂದ ಸಂಖ್ಯೆ ಸುಮಾರು ೧೪,೦೦೦ಕ್ಕೆ ಇಳಿಯಿತು. ತಿಮಿಂಗಿಲಗಳು ಸತ್ತುವೆ? ಹಾಗೇನೂ ಇಲ್ಲ. ಆ ವಸಂತದಲ್ಲಿ ಹಿಮದ ಸ್ಥಿತಿ ಎಂದಿನಂತಿರಲಿಲ್ಲ. ವಲಸೆ ದಡದಿಂದ ಬಹುದೂರ ಸರಿದಿತ್ತು. ಅದೇ ವರ್ಷ ವಿಮಾನದಿಂದ ನಡೆಸಿದ ಸಮೀಕ್ಷೆಯ ಅಂದಾಜು ಸುಮಾರು ೧೭,೦೦೦. ಕಣ್ಣಿನ ಲೆಕ್ಕ ಮಾತ್ರ ಇದ್ದಿದ್ದರೆ ಮತ್ತೊಮ್ಮೆ ಕೋಲಾಹಲವೇ ಆಗುತ್ತಿತ್ತೇನೋ!

ಎರಡು ಜರಡಿಗಳು

ಈ ಎರಡು ತೊಡಕುಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ ಹೆಸರಿಟ್ಟವರು ಆಸ್ಟ್ರೇಲಿಯದ ಹೆಲೀನ್ ಮಾರ್ಷ್ ಮತ್ತು ಸಿಂಕ್ಲೇರ್. ಅವರು ೧೯೮೯ರಲ್ಲಿ ಪ್ರಕಟಿಸಿದ ಲೇಖನ ಡುಗಾಂಗ್ ಎಂಬ ಕಡಲಹಸುವನ್ನು ವಿಮಾನದಿಂದ ಎಣಿಸುವ ಕ್ರಮಕ್ಕೆ ಸಂಬಂಧಿಸಿದುದು. ನಮ್ಮ ಮನ್ನಾರ್ ಖಾರಿಯಲ್ಲಿಯೂ ಈ ಸಾಧು ಪ್ರಾಣಿ ವಾಸಿಸುತ್ತದೆ. ಕೆಸರು ನೀರಿನಲ್ಲಿ ಒಂದು ಮಾರು ಕೆಳಗಿದ್ದರೆ ಡುಗಾಂಗ್ ಕಾಣದು. ತಿಳಿನೀರಿನಲ್ಲಿ ಇನ್ನೂ ಆಳದಲ್ಲಿದ್ದರೂ ಕಂಡೀತು. ಇದನ್ನು ಅಳೆಯಲು ಮುಂದೆ ಮಾರ್ಷ್ ಅವರ ತಂಡದವರು ಡುಗಾಂಗಿನ ಆಕಾರದ ಬೊಂಬೆಗಳನ್ನೇ ಮಾಡಿಸಿ, ಬೇರೆ ಬೇರೆ ಆಳಕ್ಕೆ ಇಳಿಸಿ, ಮೇಲಿನಿಂದ ಎಷ್ಟರವರೆಗೆ ಕಾಣುವುದೆಂದು ಪರೀಕ್ಷಿಸಿದರು.

ಎರಡು ತೊಡಕುಗಳೂ ಸೇರಿದಾಗ ಏನಾಗುವುದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ನೂರು ಪ್ರಾಣಿಗಳಿವೆ. ಅವುಗಳಲ್ಲಿ ಕಾಣುವಂತೆ ಮೇಲಕ್ಕೆ ಬಂದದ್ದು ೬೦. ಆ ೬೦ರಲ್ಲಿ ನೋಡುವವನು ಐದಕ್ಕೆ ನಾಲ್ಕರಂತೆ ೪೮ನ್ನು ಕಂಡ. ಅವನ ಪುಸ್ತಕದಲ್ಲಿ ಬರೆದಿರುವುದು ೪೮ ಮಾತ್ರ. ಇದು ಎರಡು ಜರಡಿಗಳಲ್ಲಿ ಸೋಸಿ ಉಳಿದ ಕಾಳು. ಒಂದೊಂದು ಜರಡಿಯ ಕಣ್ಣು ಎಷ್ಟೆಂದು ತಿಳಿದಿದ್ದರೆ ೪೮ರಿಂದ ೬೦ಕ್ಕೂ, ೬೦ರಿಂದ ೧೦೦ಕ್ಕೂ ಹಿಂದಿರುಗಬಹುದು. ತಿಳಿಯದಿದ್ದರೆ ೪೮ ಎಂಬುದು ಬರಿಯ ಅಂಕಿ.

ನಮ್ಮ ಗಂಗೆಯಲ್ಲಿ

ಸಮುದ್ರವನ್ನು ಬಿಟ್ಟು ನಮ್ಮ ನದಿಗೆ ಬಂದರೂ ಸಮಸ್ಯೆ ಇದೇ. ೨೦೦೯ರಲ್ಲಿ ರಾಷ್ಟ್ರೀಯ ಜಲಚರ ಪ್ರಾಣಿಯೆಂಬ ಮನ್ನಣೆ ಪಡೆದ ಗಂಗೆಯ ಡಾಲ್ಫಿನ್ ಕಲಕು ನೀರಿನಲ್ಲಿ ವಾಸಿಸುತ್ತದೆ. ಅದಕ್ಕೆ ದೃಷ್ಟಿ ಬಹುಮಟ್ಟಿಗೆ ಇಲ್ಲ. ಧ್ವನಿಯ ಪ್ರತಿಧ್ವನಿಯಿಂದಲೇ ಬೇಟೆಯನ್ನು ಹುಡುಕುತ್ತದೆ. ಮೇಲೆ ಬಂದರೆ ನೀಳವಾದ ಮೂತಿಯೂ ಬೆನ್ನೂ ಅರೆಗಳಿಗೆ ಕಂಡು ಮರೆಯಾಗುತ್ತವೆ. ೨೦೨೧ರಿಂದ ೨೦೨೩ರವರೆಗೆ ನಮ್ಮ ದೇಶದ ಎಂಟು ರಾಜ್ಯಗಳ ೨೮ ನದಿಗಳಲ್ಲಿ, ಎಂಟೂವರೆ ಸಾವಿರ ಕಿಲೋಮೀಟರಿನಷ್ಟು ದೂರ ಸಾಗಿ ಎಣಿಕೆ ನಡೆಸಿದರು. ೨೦೨೫ರ ಮಾರ್ಚಿಯಲ್ಲಿ ಹೊರಬಂದ ಅದರ ವರದಿಯ ಪ್ರಕಾರ ನದಿಯ ಡಾಲ್ಫಿನ್‍ಗಳ ಸಂಖ್ಯೆ ೬,೩೨೭. ಇವುಗಳಲ್ಲಿ ಮೂರು ಮಾತ್ರ ಪಂಜಾಬಿನ ಬಿಯಾಸ್ ನದಿಯಲ್ಲಿರುವ ಸಿಂಧೂ ಜಾತಿಯವು.

ಇನ್ನು ಹತ್ತು ವರ್ಷಗಳ ಮೇಲೆ ಮತ್ತೊಮ್ಮೆ ಎಣಿಸಿ, ಏಳು ಸಾವಿರ ಬಂದರೆ ಸಂತೋಷಪಡೋಣವೆ? ಐದು ಸಾವಿರ ಬಂದರೆ ದುಃಖಪಡೋಣವೆ? ಎರಡೂ ಸಲ ನೋಡುವವರ ಕಣ್ಣು ಎಷ್ಟು ನಂಬತಕ್ಕದ್ದಾಗಿತ್ತು ಎಂಬುದನ್ನು ಅಳೆದಿಟ್ಟಿದ್ದರೆ ಮಾತ್ರ ಈ ಪ್ರಶ್ನೆಗೆ ಉತ್ತರ ಸಾಧ್ಯ. ಕ್ಯಾಲಿಫೋರ್ನಿಯದ ದಡದಲ್ಲಿ ೧೯೬೭ರಿಂದ ಬೂದುಬಣ್ಣದ ತಿಮಿಂಗಿಲಗಳನ್ನು ಎಣಿಸುತ್ತ ಬಂದಿದ್ದಾರೆ. ಅಲ್ಲಿಯೂ ಒಬ್ಬರ ನೋಟವನ್ನು ಇನ್ನೊಬ್ಬರ ಸ್ವತಂತ್ರ ನೋಟದಿಂದ ಒರೆಗೆ ಹಚ್ಚಿದ್ದಾರೆ. ೨೦೧೬ರಲ್ಲಿ ಸುಮಾರು ೨೭,೦೦೦ ಇದ್ದ ಅಂದಾಜು ೨೦೨೫ರ ಹೊತ್ತಿಗೆ ಸುಮಾರು ೧೩,೦೦೦ಕ್ಕೆ ಇಳಿಯಿತು. ನಡುವೆ, ೨೦೧೯ರಿಂದ, ಬಡಕಲಾದ ತಿಮಿಂಗಿಲಗಳು ಸತ್ತು ದಡಕ್ಕೆ ಬಂದು ಬೀಳುತ್ತಲೂ ಇದ್ದವು. ಇಲ್ಲಿ ಕುಂದಿದ್ದು ನೋಡುವವರ ದೃಷ್ಟಿಯಲ್ಲ, ತಿಮಿಂಗಿಲಗಳೇ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಆ ಪರೀಕ್ಷೆಯ ಬಲದಿಂದ.

ಕಡಿಮೆ ಎಣಿಸಿದರೆ ಬೇಟೆಯನ್ನೇ ನಂಬಿದ ಜನರ ಬಾಯಿಗೆ ಮಣ್ಣು. ಹೆಚ್ಚು ಎಣಿಸಿದರೆ ಬಾಯಿಲ್ಲದ ಪ್ರಾಣಿಗಳ ಪ್ರಾಣಕ್ಕೆ ಸಂಚಕಾರ. ಎರಡು ಕಡೆಯೂ ಅನ್ಯಾಯವಾಗದಿರಬೇಕಾದರೆ, ಎಣಿಸುವವನು ಮೊದಲು ತನ್ನ ಕಣ್ಣಿಗೆ ಎಷ್ಟು ಬೀಳುತ್ತದೆ, ಎಷ್ಟು ತಪ್ಪುತ್ತದೆ ಎಂಬುದನ್ನು ಅರಿತಿರಬೇಕು. ಬಾರೋ ಊರಿನ ಶಾಸ್ತ್ರಜ್ಞರಿಗೆ ಇದನ್ನು ಕಲಿಸಲು ಗಣಿತವೂ ಬೇಕಾಯಿತು, ಯಂತ್ರವೂ ಬೇಕಾಯಿತು. ಆದರೆ ಇವೆರಡಕ್ಕೂ ಮೊದಲು, ಆಯುಷ್ಯವನ್ನೆಲ್ಲ ಹಿಮದ ಮೇಲೆ ಕಳೆದ ಬೇಟೆಗಾರನೊಬ್ಬನ ಮಾತಿಗೆ ಕಿವಿಗೊಡುವ ವಿನಯ ಬೇಕಾಯಿತು.